ಅಪ್‌ಡೇಟ್: ಮೆಲ್ಟ್‌ಡೌನ್ ಪ್ಯಾಚ್ ಆದಮೇಲೆ ತೆವಳುತ್ತಿದ್ದ ಸರ್ವರ್ ಸರಿಹೋಯ್ತು

ಮೆಲ್ಟ್‌ಡೌನ್ ಅನ್ನೋ ಸಿಪಿಯು ಭದ್ರತಾ ದೋಷಕ್ಕೆ ಲಿನಕ್ಸ್ ಕರ್ನಲ್ (ಓಎಸ್‌ನ ತಿರುಳು) ಪ್ಯಾಚ್ ಹಾಕಿದ ಮೇಲೆ ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್ ಓಡೋ ವಿಎಂ (ವರ್ಚುವಲ್ ಯಂತ್ರ) ತುಂಬಾ ನಿಧಾನ ಆಗಿದೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ, ಕೊನೆಗೂ ಬಗೆಹರಿಯಿತು.

ರ‍್ಯಾಮ್ ಹೆಚ್ಚಿಸಿದ್ದರಿಂದ ಏನೂ ಪ್ರಯೋಜನ ಆಗಲಿಲ್ಲ. ಬೂಟ್‌ನಲ್ಲಿ ‘ನೋಪಿಟಿಐ’ ಅನ್ನೋ ಆಯ್ಕೆ ಕೊಟ್ಟು ಆ ಪ್ಯಾಚ್ ಕೊಡೋ ರಕ್ಷಣೆಯನ್ನೇ ಆಫ್ ಮಾಡಿ ಅಂದವರ ಸಲಹೆಯನ್ನ ಟೆಸ್ಟ್ ಯಂತ್ರದಲ್ಲಿ ನೋಡಿದೆ. ವೇಗ ಬಂತು ನಿಜ, ಆದರೆ ಗ್ರಾಹಕರ ಡೇಟಾ ಇರೋ ಕಡೆ ಬೀಗ ತೆಗೆದಿಟ್ಟು ಮಲಗೋ ಧೈರ್ಯ ನನಗಿಲ್ಲ ಮಾರಾಯ್ರೆ.

ಕೈಹಿಡಿದದ್ದು ‘ಪಿಸಿಐಡಿ ಇದೆಯಾ ನೋಡಿ’ ಅಂದವರ ಮಾತು. ಅವರಿಗೆ ದೊಡ್ಡ ಥ್ಯಾಂಕ್ಸ್. ಪಿಸಿಐಡಿ ಅಂದ್ರೆ ಪೇಜ್ ಟೇಬಲ್ (ಮೆಮೊರಿ ವಿಳಾಸಗಳ ಪಟ್ಟಿ) ಬದಲಾದಾಗಲೆಲ್ಲ ಟಿಎಲ್‌ಬಿಯನ್ನ (ಆ ವಿಳಾಸಗಳನ್ನ ನೆನಪಿಟ್ಟುಕೊಳ್ಳೋ ಸಿಪಿಯು ಕ್ಯಾಶ್) ಖಾಲಿ ಮಾಡದೆ ನಡೆಸೋ ಸಿಪಿಯು ಸೌಲಭ್ಯ. ಈ ಪ್ಯಾಚ್ ಬಂದಮೇಲೆ ಪ್ರತಿ ಸಿಸ್ಟಂ ಕಾಲ್‌ಗೂ (ಪ್ರೋಗ್ರಾಂ ಕರ್ನಲ್‌ನಿಂದ ಕೆಲಸ ಕೇಳಿದಾಗಲೆಲ್ಲ) ಪೇಜ್ ಟೇಬಲ್ ಬದಲಾಗುತ್ತೆ. ಪಿಸಿಐಡಿ ಇಲ್ಲದಿದ್ದರೆ ಪ್ರತಿ ಸಲ ಟಿಎಲ್‌ಬಿಯೂ ಖಾಲಿ, ಅದಕ್ಕೇ ನಿಧಾನ. ಲಿನಕ್ಸ್ 4.14ರಿಂದ ಇದಕ್ಕೆ ಬೆಂಬಲ ಇದೆ, ನಮ್ಮ ಕರ್ನಲ್ ಅದಕ್ಕಿಂತ ಹೊಸದೇ. ಮಜಾ ಅಂದ್ರೆ ಹೋಸ್ಟ್ (ವಿಎಂ ಓಡೋ ಅಸಲಿ ಯಂತ್ರ) ಸಿಪಿಯುನಲ್ಲಿ ಪಿಸಿಐಡಿ ಇತ್ತು, ವಿಎಂ ಒಳಗೆ ಮಾತ್ರ ಕಾಣ್ತಿರಲಿಲ್ಲ! ಹೈಪರ್‌ವೈಸರ್‌ನಲ್ಲಿ (ವಿಎಂಗಳನ್ನ ಓಡಿಸೋ ಸಾಫ್ಟ್‌ವೇರ್) ವಿಎಂಗೆ ಆರಿಸಿದ್ದ ಹಳೇ ಸಿಪಿಯು ಮಾದರಿ ಅದನ್ನ ಮುಚ್ಚಿಟ್ಟಿತ್ತು. ಅಲ್ಲಿ ಪಿಸಿಐಡಿ ಫ್ಲ್ಯಾಗ್ (ಸೌಲಭ್ಯ ಆನ್ ಮಾಡೋ ಗುರುತು) ಸೇರಿಸಿದೆ, ಕ್ವೆರಿಗಳು ಹೆಚ್ಚುಕಮ್ಮಿ ಮೊದಲಿನ ವೇಗಕ್ಕೆ ಬಂದವು.

ಇದೇ ತೊಂದರೆ ಇರೋರು ಗಮನಿಸಿ: ಫ್ಲ್ಯಾಗ್ ಸೇರಿಸಿದ ಮೇಲೆ ಒಳಗಿಂದ ರೀಬೂಟ್ ಮಾಡಿದರೆ ಸಾಲದು, ವಿಎಂ ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಬೇಕು.