ಸಿಗ್ನಲ್ ಆಫ್ ಆದಾಗ ಯಾರು ಮೊದಲು ಹೋಗಬೇಕು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಮಳೆ ಬಂದು ನಮ್ಮ ಮೈಸೂರಿನ ಏರಿಯಾದಲ್ಲಿ ಕರೆಂಟ್ ಹೋಗಿತ್ತು, ಸಿಗ್ನಲ್ ಪೂರ್ತಿ ಆಫ್, ಪೊಲೀಸರೂ ಇರಲಿಲ್ಲ. ನಾನು ಸ್ಕೂಟರ್‌ನಲ್ಲಿ ನಿಧಾನವಾಗಿ ನೇರ ಹೋಗುತ್ತಿದ್ದೆ. ಎಡಗಡೆ ರಸ್ತೆಯಿಂದ ಒಂದು ಕಾರು ಬಂದು ಹಿಂದಿನ ಚಕ್ರಕ್ಕೆ ತಾಗಿಸಿತು. ಪೆಟ್ಟೇನೂ ಆಗಿಲ್ಲ, ಮಡ್‌ಗಾರ್ಡ್ ಒಡೆದಿದೆ ಅಷ್ಟೇ. ಆದರೆ ಅವರು "ನಮ್ಮದು ಅಗಲ ರಸ್ತೆ, ಮೇನ್ ರೋಡ್, ನೀವೇ ನಿಲ್ಲಬೇಕಿತ್ತು" ಅಂತ ನನ್ನನ್ನೇ ಬೈದರು!

ಮನೆಗೆ ಬಂದು 1989ರ ರಸ್ತೆ ನಿಯಮ ಓದಿದೆ. ಮೇನ್ ರೋಡ್ ಅಂತ ಗುರುತಿಸಿದ ರಸ್ತೆಗೆ ಸೇರುವಾಗ ಅಲ್ಲಿನ ವಾಹನಗಳಿಗೆ ದಾರಿ ಬಿಡಬೇಕು, ಇಲ್ಲದಿದ್ದರೆ ಬಲಗಡೆಯಿಂದ ಬರುವವರಿಗೆ ಬಿಡಬೇಕು ಅಂತ ಅದರಲ್ಲಿದೆ. ಅದರ ಜಾಗಕ್ಕೆ 2017ರಲ್ಲಿ ಹೊಸ ನಿಯಮ ಬಂದಿದೆ ಅಂತಲೂ ಗೊತ್ತಾಯಿತು. ಬಲಗಡೆ ಲೆಕ್ಕ ಹಿಡಿದರೆ ಅವರಿಗೆ ನಾನು ಬಲಗಡೆ, ಅವರೇ ನಿಲ್ಲಬೇಕಿತ್ತು ಅಲ್ವಾ? ಮುಂದಿನ ಸರ್ಕಲ್‌ನಲ್ಲಿದ್ದ ಟ್ರಾಫಿಕ್ ಪೊಲೀಸರನ್ನು ಕೇಳಿದರೆ "ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ಕ್ಯಾಲಿಫೋರ್ನಿಯಾದಲ್ಲಿರುವ ಭಾವನನ್ನು ಕೇಳಿದೆ, ಅಲ್ಲಿ ಸಿಗ್ನಲ್ ಆರಿದರೆ ನಾಲ್ಕೂ ಕಡೆಯವರು ಪೂರ್ತಿ ನಿಲ್ಲಿಸಿ, ಮೊದಲು ಬಂದವರು ಮೊದಲು ಹೋಗುತ್ತಾರಂತೆ. ನಮ್ಮಲ್ಲಿ ಹಾಗೆ ನಿಂತರೆ ಹಿಂದಿನವರ ಹಾರ್ನ್ ಕೇಳಬೇಕು, ಬಿಡಿ.

ನನ್ನ ಗೊಂದಲ ಇಷ್ಟೇ. ಆ ಜಂಕ್ಷನ್‌ನಲ್ಲಿ ಮೇನ್ ರೋಡ್ ಅಂತ ಯಾವ ಬೋರ್ಡೂ ಇಲ್ಲ. ರಸ್ತೆ ಅಗಲವಾಗಿದ್ದರೆ ಸಾಕಾ, ಅಥವಾ ಬೋರ್ಡ್ ಇದ್ದರೆ ಮಾತ್ರ ಅದು ಮೇನ್ ರೋಡಾ? ಈಗಿನ ನಿಯಮ ಸರಿಯಾಗಿ ಗೊತ್ತಿರುವವರು, ಇನ್ಶೂರೆನ್ಸ್ ಕ್ಲೇಮ್ ಮಾಡಿದ ಅನುಭವ ಇರುವವರು ದಯವಿಟ್ಟು ಹೇಳಿ.