ಚಿಕ್ಕ ಕೈಗೆ ಯಾವ .32 ಪಿಸ್ತೂಲು ಹಿತ? ಅಪ್ಪನ ಕೋಲ್ಟ್ ಇಟ್ಟುಕೊಳ್ಳಲಾ, ಪಿಪಿಕೆ ತಗೊಳ್ಳಲಾ?

ಪಾಂಡವಪುರದ ಮಗಳು:

ಎಲ್ಲರಿಗೂ ನಮಸ್ಕಾರ. ನಾನು ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ಗದ್ದೆ, ತೋಟ ಎಲ್ಲ ಪಾಂಡವಪುರದ ಹತ್ತಿರ. ಅಪ್ಪನಿಗೆ ಈಗ 76. ಅವರ ಹೆಸರಿನಲ್ಲಿದ್ದ ಎರಡು ಆಯುಧ, ವಾರಸುದಾರಳು ಅಂತ ನನ್ನ ಲೈಸೆನ್ಸಿಗೆ ಬಂದು ಮೂರು ತಿಂಗಳಾಯಿತು. ಒಂದು ಹನ್ನೆರಡು ಬೋರಿನ ಡಬಲ್ ಬ್ಯಾರೆಲ್ ಕೋವಿ. ಇನ್ನೊಂದು .32 ಕೋಲ್ಟ್ 1903 ಪಿಸ್ತೂಲು. ನನಗಿಂತ ಹಳೆಯದು. ಪ್ರತಿ ಆಯುಧಪೂಜೆಗೆ ಅಪ್ಪ ಅದನ್ನು ಬಿಚ್ಚಿ, ಒರೆಸಿ, ಎಣ್ಣೆ ಮುಟ್ಟಿಸಿ, ಕುಡುಗೋಲು ಮಚ್ಚುಗಳ ಪಕ್ಕದಲ್ಲಿಟ್ಟು ಕುಂಕುಮ ಹಚ್ಚುತ್ತಿದ್ದರು. ಅವರು ಅದರಲ್ಲಿ ಹೊಡೆದದ್ದನ್ನು ನಾನು ನೋಡಿಲ್ಲ.

ಕಳೆದ ತಿಂಗಳು ರೈಫಲ್ ಕ್ಲಬ್ಬಿನಲ್ಲಿ ಮೊದಲ ಸಲ 25 ತೋಟಾ ಹೊಡೆದೆ, 10 ಮೀಟರ್ ದೂರಕ್ಕೆ. ಮೂರು ತೊಂದರೆ ಆಯಿತು. ಪಿಸ್ತೂಲಿನ ಮೇಲಿನ ಜಾರುವ ಭಾಗ, ಅಂದರೆ ಸ್ಲೈಡ್, ಹಿಂದಕ್ಕೆ ಎಳೆಯಲು ನನ್ನಿಂದ ಆಗಲಿಲ್ಲ, ಪ್ರತಿ ಸಲ ಬೇರೆಯವರು ಎಳೆದುಕೊಟ್ಟರು. ಗುಂಡುಗಳೆಲ್ಲ ಎಡಕ್ಕೆ, ಕೆಳಕ್ಕೆ ಹೋದವು. ಎರಡು ಸಲವಂತೂ ಕುದುರೆ (ಟ್ರಿಗರ್) ಎಳೆದರೂ ಗುಂಡು ಹಾರಲೇ ಇಲ್ಲ. ತೋಟಾ ಕೆಟ್ಟಿದೆ ಅಂದುಕೊಂಡೆ. ಅದೇ ತೋಟಾವನ್ನು ಪಕ್ಕದವರು ಅದೇ ಪಿಸ್ತೂಲಿನಲ್ಲಿ ಹೊಡೆದರು, ಸಲೀಸಾಗಿ ಹೋಯಿತು. ಮನೆಗೆ ಬರುವಷ್ಟರಲ್ಲಿ ಹೆಬ್ಬೆರಳಿನ ಬುಡ ನೋಯುತ್ತಿತ್ತು.

ಆಮೇಲೆ ಮೈಸೂರಿನಲ್ಲೇ ಒಂದು ಬಂದೂಕಿನ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ವಾಲ್ತರ್ ಪಿಪಿಕೆ ಹಿಡಿದು ನೋಡಿದೆ. ಅದೂ .32. ಎಷ್ಟು ಮುದ್ದಾಗಿದೆ ಅಂದರೆ, ನನ್ನ ಕೈ ನೋಡಿಯೇ ಮಾಡಿದಂತಿದೆ. ನನ್ನ ಅಂಗೈ ಚಿಕ್ಕದು. ಮಣಿಕಟ್ಟಿನಿಂದ ನಡುಬೆರಳ ತುದಿಗೆ ಹದಿನಾರೂವರೆ ಸೆಂಟಿಮೀಟರ್.

ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಆಯುಧ. ಹಾಗಾಗಿ ಪಿಪಿಕೆ ಬೇಕೆಂದರೆ ಕೋಲ್ಟ್ ಕೊಡಬೇಕು. ಕೋವಿ ಕೊಡುವ ಹಾಗಿಲ್ಲ, ತೋಟಕ್ಕೆ ಅದು ಬೇಕು. ಅಪ್ಪನನ್ನು ಕೇಳಿದೆ. "ನಿನ್ನ ಕೈ, ನಿನ್ನ ಇಷ್ಟ" ಅಂದರು. ಆದರೆ ಮುಖ ಆ ಕಡೆ ತಿರುಗಿಸಿಕೊಂಡು ಅಂದರು. ಎರಡರಲ್ಲೂ ಹೊಡೆದು ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇ ಫೌಜಿ, ಮಂಡ್ಯ:

ತಂಗ್ಯಮ್ಮ, ಕೋಲ್ಟ್ ಕೊಡಬೇಡಿ. ಕಾರಣ ಹೇಳುತ್ತೇನೆ ಕೇಳಿ.

ನಾನು ಸೈನ್ಯದಲ್ಲಿ ಹೊಡೆದದ್ದು ಇಶಾಪುರದ 9 ಎಂಎಂ ಪಿಸ್ತೂಲು, ಬ್ರೌನಿಂಗ್ ಹೈ ಪವರ್ ಮಾದರಿಯದು. ಹಿಡಿಯೊಳಗೆ ಕೂರುವ ಅದರ ತೋಟಾ ಡಬ್ಬಿಯಲ್ಲಿ, ಅಂದರೆ ಮ್ಯಾಗಜೀನಿನಲ್ಲಿ, 13 ತೋಟಾ ಎರಡು ಸಾಲಾಗಿ ಕೂರುತ್ತವೆ. ಹಿಡಿ ದಪ್ಪ. ನಿಮ್ಮ ಎರಡೂ ಪಿಸ್ತೂಲಿನಲ್ಲಿ ತೋಟಾ ಒಂದರ ಮೇಲೊಂದು, ಒಂದೇ ಸಾಲು. ಅದಕ್ಕೇ ಹಿಡಿ ತೆಳು. ಅಂಗಡಿಯಲ್ಲಿ ತೆಳು ಹಿಡಿ ಎಲ್ಲರಿಗೂ ಇಷ್ಟವಾಗುತ್ತದೆ. ಹೊಡೆಯುವಾಗಲೇ ಅದರ ಗುಣ ತಿಳಿಯುವುದು. ಮಚ್ಚಿನ ಹಿಡಿ ತೆಳುವಾಗಿದ್ದರೆ ನಾಲ್ಕು ಏಟಿಗೇ ಅಂಗೈ ಉರಿಯುತ್ತದೆ, ಅಲ್ವಾ? ಇದೂ ಹಾಗೇ. ಒದೆತವೆಲ್ಲ ಹೆಬ್ಬೆರಳು, ತೋರುಬೆರಳಿನ ಸಂದಿನ ಒಂದೇ ಗೆರೆಗೆ ಬೀಳುತ್ತದೆ.

ಪಿಪಿಕೆ ತೂಕ 600 ಗ್ರಾಂ ಹತ್ತಿರ, ಕೋಲ್ಟ್ 680ರ ಹತ್ತಿರ. ತೋಟಾ ಒಂದೇ. ಹಗುರ ಇದ್ದದ್ದು ಜಾಸ್ತಿ ಒದೆಯುತ್ತದೆ. ಎರಡರಲ್ಲೂ ನಳಿಗೆ ಅಲುಗುವುದಿಲ್ಲ. ಸ್ಲೈಡಿನ ಭಾರ, ಸ್ಪ್ರಿಂಗಿನ ಬಿಗಿ, ಇವೆರಡೇ ಒತ್ತಡ ತಡೆಯುವುದು. ಸ್ಪ್ರಿಂಗ್ ಗಟ್ಟಿ ಇರುವುದು ಅದಕ್ಕೇ. ಪಿಪಿಕೆ ತಗೊಂಡರೂ ಸ್ಲೈಡ್ ಎಳೆಯುವ ಕಷ್ಟ ತಪ್ಪುವುದಿಲ್ಲ.

ಸ್ಲೈಡನ್ನು ಎಳೆಯಬೇಡಿ. ಪಿಸ್ತೂಲನ್ನು ಎದೆಯ ಹತ್ತಿರ ತನ್ನಿ. ನಳಿಗೆಯ ಬಾಯಿ ಗುರಿಯ ಕಡೆಗೇ ಇರಲಿ, ಬೆರಳು ಕುದುರೆಯಿಂದ ಹೊರಗಿರಲಿ. ಎಡಗೈಯ ನಾಲ್ಕು ಬೆರಳಿನಿಂದ ಸ್ಲೈಡನ್ನು ಮೇಲಿನಿಂದ ಅಂಗೈಗೆ ಒತ್ತಿ ಹಿಡಿದು ಗಟ್ಟಿ ನಿಲ್ಲಿಸಿ. ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಿ. ಬೆರಳಿನ ಬಲ ಅಲ್ಲ, ಭುಜದ ಬಲ ಬರುತ್ತದೆ. ನಮ್ಮ ಮನೆಯವಳಿಗೂ ಹೀಗೇ ಕಲಿಸಿದ್ದು.

ಹತ್ತು ಮೀಟರ್, ಮೈಸೂರು:

ಮೇಡಂ, ನಾನು ಮಕ್ಕಳಿಗೆ ಏರ್ ಪಿಸ್ತೂಲು ಕಲಿಸುತ್ತೇನೆ. ಗುಂಡು ಹಾರದ ಆ ಎರಡು ಸಲದ ಬಗ್ಗೆ ಮೊದಲು ಹೇಳುತ್ತೇನೆ. ಕೋಲ್ಟ್ 1903ರ ಹಿಡಿಯ ಹಿಂಭಾಗದಲ್ಲಿ ಒಂದು ಉದ್ದ ಪಟ್ಟಿ ಇದೆ, ನೋಡಿ. ಅದು ಗ್ರಿಪ್ ಸೇಫ್ಟಿ. ಅಂಗೈ ಅದನ್ನು ಪೂರ್ತಿ ಒತ್ತದಿದ್ದರೆ ಕುದುರೆ ಕೆಲಸ ಮಾಡುವುದಿಲ್ಲ. ಅಂದರೆ ನಿಮ್ಮ ಹಿಡಿತ ಸಡಿಲ ಇತ್ತು. ಬಹುಶಃ ಸ್ಲೈಡ್ ಕೈಗೆ ತಾಗುತ್ತದೆ ಅಂತ ಹೆದರಿ ಕೆಳಗೆ ಹಿಡಿದಿದ್ದೀರಿ. ಹೆಬ್ಬೆರಳಿನ ಬುಡ ನೋಯುವುದೂ, ಗುಂಡು ಎಡಕ್ಕೆ ಕೆಳಕ್ಕೆ ಹೋಗುವುದೂ ಅದೇ ಹೆದರಿಕೆಯಿಂದ. ಸದ್ದು ಬರುವ ಮೊದಲೇ ಮಣಿಕಟ್ಟು ಬಾಗುತ್ತದೆ.

ಹಿಡಿತ ಎಷ್ಟು ಮುಖ್ಯ ಅಂತ ನಾನು ದಿನಾ ನೋಡುತ್ತೇನೆ. ಏರ್ ಪಿಸ್ತೂಲಿನ ಮರದ ಹಿಡಿಯನ್ನು ಒಬ್ಬೊಬ್ಬರ ಅಂಗೈಗೆ ಹೊಂದುವಂತೆ ಅರ ಹಾಕಿ ಉಜ್ಜಿ, ಎಲ್ಲಿ ಟೊಳ್ಳಿದೆಯೋ ಅಲ್ಲಿ ಪುಟ್ಟಿ ತುಂಬಿ ಕೂರಿಸುತ್ತೇವೆ. ಒಂದು ಹುಡುಗಿಯ ಹಿಡಿ ಸರಿಮಾಡಲು ನನಗೆ ಒಂದೂವರೆ ತಿಂಗಳು ಹಿಡಿಯಿತು. ಜೇಬಿನ ಪಿಸ್ತೂಲಿಗೆ ಹೀಗೆಲ್ಲ ಮಾಡಲಾಗದು. ಅಲ್ಲಿ ಕೈಯೇ ಹೊಂದಿಕೊಳ್ಳಬೇಕು.

ಒಂದು ಪ್ರಶ್ನೆ. ಅಂಗಡಿಯಲ್ಲಿ ಪಿಪಿಕೆಯ ಕುದುರೆ ಎಳೆದು ನೋಡಿದಿರಾ, ಅಥವಾ ಸುಮ್ನೆ ಹಿಡಿದಿರಾ? ಅದು ಡಬಲ್ ಆಕ್ಷನ್, ಅಂದರೆ ಗುಂಡು ಹಾರಿಸಲು ಬಡಿಯುವ ಸುತ್ತಿಗೆಯನ್ನು ಎತ್ತುವ ಕೆಲಸವೂ ಕುದುರೆಯದೇ. ತೋಟಾ ತುಂಬಿ ಸುತ್ತಿಗೆ ಇಳಿಸಿಟ್ಟರೆ, ಮೊದಲ ಗುಂಡಿಗೆ ಕುದುರೆ ತುಂಬಾ ಮುಂದೆ ಇರುತ್ತದೆ. ಎಳೆತವೂ ಉದ್ದ, ಭಾರ. ಎರಡನೆಯದರಿಂದ ಸಲೀಸು. ಏರ್ ಪಿಸ್ತೂಲಿಗೆ ನಿಯಮದಲ್ಲಿರುವ ಕನಿಷ್ಠ ಎಳೆತ 500 ಗ್ರಾಂ. ಪಿಪಿಕೆಯ ಮೊದಲ ಎಳೆತ ಕಿಲೋಗಳ ಲೆಕ್ಕ. ಕೋಲ್ಟಿನ ಕುದುರೆ ಪ್ರತಿ ಸಲವೂ ಒಂದೇ ತರಹ, ಚಿಕ್ಕ ಎಳೆತ. ಚಿಕ್ಕ ಕೈಗೆ ಇದು ದೊಡ್ಡ ವ್ಯತ್ಯಾಸ.

ಹೀಗೆ ಮಾಡಿ. ಮತ್ತೆ ಅಂಗಡಿಗೆ ಹೋಗಿ. ಮ್ಯಾಗಜೀನ್ ತೆಗೆಸಿ, ನಳಿಗೆಯೊಳಗೆ ತೋಟಾ ಇಲ್ಲವೆಂದು ಕಣ್ಣಿಂದ ನೋಡಿ. ಅವರನ್ನು ಕೇಳಿಯೇ ಡಮ್ಮಿ ತೋಟಾ (ಮದ್ದಿಲ್ಲದ್ದು) ಹಾಕಿಸಿ. ನಳಿಗೆ ಮುಂಗೈ ಮೂಳೆಯ ನೇರಕ್ಕೆ ಬರುವಂತೆ ಹಿಡಿಯಿರಿ. ಆಗ ತೋರುಬೆರಳ ತುದಿಯ ಮೆತ್ತನೆ ಭಾಗ ಕುದುರೆ ಮೇಲೆ ಬರುತ್ತದಾ? ಕೈ ತಿರುಚದೆ ಪೂರ್ತಿ ಎಳೆಯಲು ಆಗುತ್ತದಾ? ಮುಂದಿನ ಗುರಿಕಡ್ಡಿ ಅಲುಗುತ್ತದಾ? ಇಷ್ಟೇ ನೋಡಿ.

ಮದ್ದೂರಿನವನು, ಈಗ ಡಲ್ಲಾಸ್:

ಅಕ್ಕಾ, ಇಲ್ಲಿಯ ಮಾತು ನಿಮಗೆ ನೇರವಾಗಿ ಉಪಯೋಗಕ್ಕೆ ಬಾರದು. ಇಲ್ಲಿ ಸಿಗುವ ಒಂದೇ ಸಾಲಿನವು ಹೆಚ್ಚಾಗಿ 9 ಎಂಎಂ, ಅಲ್ಲಿ ಅದು ಜನಸಾಮಾನ್ಯರಿಗೆ ಸಿಗುವ ಬೋರ್ ಅಲ್ಲ. ಆದರೂ ಹೇಳುತ್ತೇನೆ.

ನನ್ನ ಹತ್ತಿರ ಗ್ಲಾಕ್ 43 ಇದೆ. 2015ರಲ್ಲಿ ಬಂದ ಮಾದರಿ, 6 ತೋಟಾ. ಹೆಂಡತಿಯ ಹತ್ತಿರ ಸ್ಮಿತ್ ಅಂಡ್ ವೆಸನ್ ಶೀಲ್ಡ್ ಇದೆ, ಅದು 2012ರದು. ಗ್ಲಾಕ್ ಹಿಡಿದರೆ ನನ್ನ ಕಿರುಬೆರಳಿಗೆ ಜಾಗವಿಲ್ಲ. ಮ್ಯಾಗಜೀನಿನ ತಳಕ್ಕೆ ಬೆರಳು ಊರುವ ಉದ್ದ ಮುಚ್ಚಳ ಹಾಕಿಸಿದೆ. ಅರ್ಧ ಇಂಚು ಕೂಡ ಇಲ್ಲ, ಆದರೆ ಕಿರುಬೆರಳು ಕೂತ ಮೇಲೆ ಪಿಸ್ತೂಲು ಬೇರೆಯೇ ಆಯಿತು. ಮೂತಿ ಮೇಲೆ ಹಾರುವುದು ಕಮ್ಮಿಯಾಯಿತು. ಶೀಲ್ಡಿನ 8 ತೋಟಾದ ಮ್ಯಾಗಜೀನ್ ಹಾಕಿದಾಗಲೂ ಅದೇ ಅನುಭವ. ಪಿಪಿಕೆ ಹಿಡಿಯುವಾಗ ನಿಮ್ಮ ಕಿರುಬೆರಳು ಎಲ್ಲಿತ್ತು, ನೋಡಿಕೊಳ್ಳಿ.

ಇನ್ನೊಂದು ವಿಷಯ. ಕೈಯಲ್ಲಿ ಬಲ ಕಮ್ಮಿ ಇರುವವರಿಗಾಗಿ 2018ರಲ್ಲಿ ಶೀಲ್ಡ್ ಈಜಿ ಅಂತ ಒಂದು .380 ಬೋರಿನ ಪಿಸ್ತೂಲು ತಂದರು. ಒಂದೇ ಸಾಲು, 8 ತೋಟಾ, ಸ್ಲೈಡ್ ಹಗುರ. ಅದರ ಹಿಡಿಯ ಹಿಂದೆ ಏನಿದೆ ಗೊತ್ತಾ? ನಿಮ್ಮ ಕೋಲ್ಟಿನಲ್ಲಿರುವ ಹಾಗೆಯೇ ಗ್ರಿಪ್ ಸೇಫ್ಟಿ. ಅಪ್ಪನ ಪಿಸ್ತೂಲಿನ ವಿನ್ಯಾಸ ಹೆಸರಾಂತ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಅವರದು. ಅದು ಹಳೆಯದು ಅಂತ ಕಡೆಗಣಿಸಬೇಡಿ ಅಕ್ಕ.

ಪಾಂಡವಪುರದ ಮಗಳು:

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಎಲ್ಲ ಮಾಡಿ ನೋಡಿಯೇ ಬರೆಯಬೇಕು ಅಂತ.

ಅಂಗಡಿಗೆ ಹೋದೆ. ಪಿಪಿಕೆಯನ್ನು ಹತ್ತು ಮೀಟರ್ ಮೇಡಂ ಹೇಳಿದ ಹಾಗೆ ಹಿಡಿದೆ. ಮೊದಲ ಎಳೆತಕ್ಕೆ ಬೆರಳು ಮುಟ್ಟಲು ಮುಟ್ಟಿತು, ಆದರೆ ಬರೀ ತುದಿ. ಅರ್ಧ ಎಳೆಯುವಷ್ಟರಲ್ಲಿ ಗುರಿಕಡ್ಡಿ ಬಲಕ್ಕೆ ಓಡಿತು. ಐದು ಸಲವೂ ಹಾಗೇ ಆಯಿತು. ಕಿರುಬೆರಳು ಗಾಳಿಯಲ್ಲಿತ್ತು. ಹೋದ ಸಲ ಇದ್ಯಾವುದೂ ನನ್ನ ಗಮನಕ್ಕೆ ಬಂದಿರಲಿಲ್ಲ.

ಭಾನುವಾರ ಕ್ಲಬ್ಬಿಗೆ ಕೋಲ್ಟ್ ತಗೊಂಡು ಹೋದೆ. ಫೌಜಿ ಅಣ್ಣ, ನೀವು ಹೇಳಿದ ಹಾಗೆ ತಳ್ಳಿದೆ. ಮೂರನೇ ಸಲಕ್ಕೆ ಸ್ಲೈಡ್ ಬಂತು! ಆಮೇಲೆ ಯಾರನ್ನೂ ಕರೆಯಲಿಲ್ಲ. ಕೈ ಮೇಲಕ್ಕೆ ಏರಿಸಿ, ಹಿಂದಿನ ಪಟ್ಟಿ ಅಂಗೈಗೆ ಪೂರ್ತಿ ಕೂರುವಂತೆ ಹಿಡಿದೆ. ಆ ಪಿಸ್ತೂಲಿನಲ್ಲಿ ಸುತ್ತಿಗೆ ಒಳಗೇ ಇದೆ, ಕೈಗೆ ತಾಗಲು ಹೊರಗೆ ಏನೂ ಇಲ್ಲ ಅಂತ ಅರ್ಥವಾದ ಮೇಲೆ ಹೆದರಿಕೆ ಹೋಯಿತು. 20 ತೋಟಾದಲ್ಲಿ ಒಂದೂ ನಿಲ್ಲಲಿಲ್ಲ. ಹನ್ನೊಂದು ಗುಂಡು ನನ್ನ ಅಂಗೈ ಅಗಲದಲ್ಲಿ ಕೂತಿವೆ. ಉಳಿದವು ಇನ್ನೂ ಎಡಕ್ಕೇ ಹೋಗುತ್ತಿವೆ. ಮೇಡಂ, ಡಮ್ಮಿ ತೋಟಾ ಹಾಕಿ ದಿನಕ್ಕೆ ಹತ್ತು ನಿಮಿಷ ಮಾಡಿದರೆ ಸಾಕಾ?

ಹೆಬ್ಬೆರಳಿನ ಬುಡ ಸ್ವಲ್ಪ ಕೆಂಪಾಗಿತ್ತು, ಆದರೆ ನೋವಿಲ್ಲ. ಗುರಿ ಹಾಳೆಯನ್ನು ಊರಿಗೆ ಒಯ್ದು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತೂತುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಎದ್ದು ಒಳಗೆ ಹೋಗಿ, ಎಣ್ಣೆಯ ಡಬ್ಬಿ, ಬಟ್ಟೆ ತಂದು ನನ್ನ ಮುಂದೆ ಇಟ್ಟರು. ಬಿಚ್ಚುವುದು ಹೇಗೆ ಅಂತ ಆವತ್ತು ಮೊದಲ ಸಲ ಹೇಳಿಕೊಟ್ಟರು.

ಹಳೇ ಫೌಜಿ, ಮಂಡ್ಯ:

ಒಳ್ಳೆಯದಾಯಿತು ತಂಗ್ಯಮ್ಮ. ಬಿಚ್ಚಿದಾಗ ಸ್ಪ್ರಿಂಗ್ ಹೊರಗೆ ತೆಗೆದು ಒಮ್ಮೆ ನೋಡಿ. ಅಷ್ಟು ಹಳೆಯದು ಸೋತಿರಬಹುದು. ಸೋತಿದ್ದರೆ ಸ್ಲೈಡ್ ಜೋರಾಗಿ ಹಿಂದೆ ಬಡಿಯುತ್ತದೆ, ಒದೆತವೂ ಜಾಸ್ತಿ. ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರವೇ ಬದಲಾಯಿಸಿ. ಹೊಸದು ಹಾಕಿದ ಮೇಲೆ ಎಳೆಯಲು ಸ್ವಲ್ಪ ಬಿಗಿ ಆಗುತ್ತದೆ, ಆದರೆ ಈಗ ನಿಮಗೆ ತಳ್ಳುವುದು ಬರುತ್ತದಲ್ಲ.