5 ಜನ ಸೇರಿ ಹೊಲಿದ 20 ಬ್ಲಾಕು, ಒಬ್ಬರ ಅಳತೆ ಇನ್ನೊಬ್ಬರಿಗೆ ಕೂಡ್ತಿಲ್ಲ, ಕೌದಿ ಮಾಡೋದು ಹೆಂಗೆ?

ಚಿಂದಿಪೆಟ್ಟಿಗೆ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ ಬೇಜಾರಾಗ್ಬೇಡಿ. ನಾವು ಐದು ಜನ ಹೊಲಿಗೆ ಗೆಳತಿಯರು, ವಾರಕ್ಕೊಂದ್ಸಲ ಒಬ್ಬರ ಮನೇಲಿ ಸೇರ್ತೀವಿ, ಹೊಲಿಯೋದು ಅರ್ಧ ಮಾತಾಡೋದು ಅರ್ಧ. ನಮಗೆಲ್ಲ ಕೈ ಹಿಡಿದು ಹೊಲಿಗೆ ಕಲಿಸಿದೋರಿಗೆ ಈಗ ಕಣ್ಣು ಅಷ್ಟಾಗಿ ಕಾಣ್ಸಲ್ಲ, ಸೂಜಿ ಹಿಡಿಯೋದು ಬಿಟ್ಟೇಬಿಟ್ರು. ಅವರಿಗೆ ನಾವೆಲ್ಲ ಸೇರಿ ಒಂದು ಪ್ಯಾಚ್‌ವರ್ಕ್ ಕೌದಿ ಹೊಲಿದುಕೊಡೋಣ ಅಂತ ಮಾತಾಯ್ತು. ತಲಾ ನಾಲ್ಕು ಬ್ಲಾಕು, ಒಟ್ಟು 20. ಡಿಸೈನ್ ಸಿಂಪಲ್ಲು, 3½ ಇಂಚಿನ ಚೌಕ ತುಂಡು ಸಾಲಿಗೆ ನಾಲ್ಕರಂತೆ ನಾಲ್ಕು ಸಾಲು, ಬ್ಲಾಕ್ ಸೈಜು 12 ಇಂಚು ಅಂತ ಫೋನಲ್ಲೇ ತೀರ್ಮಾನ ಮಾಡ್ಕೊಂಡು ಅವರವರ ಮನೇಲಿ ಹೊಲ್ಕೊಂಡು ಬಂದ್ವಿ.

ನಿನ್ನೆ ಎಲ್ಲಾನೂ ನೆಲದ ಮೇಲೆ ಹರಡಿದ್ರೆ ನಂಗೆ ತಲೆ ತಿರುಗೋದೊಂದು ಬಾಕಿ. ನನ್ನವು ನಾಲ್ಕೂ 12ಕ್ಕೆ ಒಂದು ನೂಲು (ಇಂಚಲ್ಲಿ ಎಂಟನೇ ಒಂದು ಭಾಗ) ಜಾಸ್ತಿ, ಅಷ್ಟೇ. ಎರಡನೆಯವಳದ್ದು 12½. ಮೂರನೆಯವಳದ್ದು 12¾! ನಾಲ್ಕನೆಯವಳದ್ದು ಒಂದೊಂದು ಒಂದೊಂದು ಥರ, ಹೆಚ್ಚುಕಮ್ಮಿ ಹನ್ನೆರಡೂವರೆ ಆಸುಪಾಸು. ಐದನೆಯವರು ಡ್ರೆಸ್ ಎಲ್ಲ ಚೆನ್ನಾಗಿ ಹೊಲಿಯೋರು, ಅವರದ್ದು 11¾ ಬಂದಿದೆ. ಅಕ್ಕಪಕ್ಕ ಇಟ್ರೆ ಒಂದಕ್ಕೂ ಮೂಲೆ ಕೂಡಲ್ಲ.

ಎಲ್ಲಾನೂ ಚಿಕ್ಕದ್ರ ಸೈಜಿಗೆ ಕತ್ತರಿಸಿಬಿಡ್ಲಾ? ಇಲ್ಲ 12¾ ಮಾಡಿದವಳ ನಾಲ್ಕು ಬ್ಲಾಕು ಬಿಚ್ಚಿ ನಾನೇ ರಾತ್ರಿ ಕೂತು ಹೊಲಿದುಬಿಡ್ಲಾ, ಅವಳಿಗೆ ಹೇಳದೇನೇ? ಅವಳು ಹೊಸಬಳು, ಹೇಳಿದ್ರೆ ಬರೋದೇ ನಿಲ್ಲಿಸಿಬಿಡ್ತಾಳೇನೋ ಅಂತ ಭಯ. ನಿಜ ಹೇಳ್ಬೇಕಂದ್ರೆ ಸ್ವಲ್ಪ ಸಿಟ್ಟೂ ಇದೆ, 12 ಅಂದ್ರೆ 12 ಅಲ್ವಾ?

ಕಾಲಿಂಚು:

ಮೊದಲು ಕತ್ತರಿ ಕೆಳಗಿಡಿ. ಬಿಚ್ಚೋ ಬ್ಲೇಡೂ ಕೆಳಗಿಡಿ.

ಬೇಜಾರು ಮಾಡ್ಕೋಬೇಡಿ, ಆದ್ರೆ ಲೆಕ್ಕ ಹಾಕಿದ್ರೆ ತಪ್ಪಿರೋದು ನಿಮ್ಮ ಬ್ಲಾಕಲ್ಲೂ ಇದೆ, ಹೊಸಬಳಿಗಿಂತ ಜಾಸ್ತೀನೇ. 3½ ಇಂಚಿನ ನಾಲ್ಕು ತುಂಡು ಅಂದ್ರೆ 14 ಇಂಚು. ನಡುವೆ ಮೂರು ಹೊಲಿಗೆ, ಪ್ರತಿ ಹೊಲಿಗೆ ಎರಡೂ ತುಂಡಿಂದ ಕಾಲು ಕಾಲು ಇಂಚು ತಿನ್ನುತ್ತೆ, ಸೇರಿ ಅರ್ಧ ಇಂಚು, ಮೂರಕ್ಕೆ ಒಂದೂವರೆ. 14ರಲ್ಲಿ 1½ ಹೋದ್ರೆ 12½. ಅದೇ ಸರಿಯಾದ ಅಳತೆ. ಅಂಚಲ್ಲಿ ಉಳಿದ ಆ ಅರ್ಧ ಇಂಚು ಪಕ್ಕದ ಬ್ಲಾಕಿಗೆ ಜೋಡಿಸುವಾಗ ಮಾರ್ಜಿನ್ನಿಗೆ ಹೋಗುತ್ತೆ, ಕೌದಿ ಪೂರ್ತಿ ಆದ್ಮೇಲೆ ಕಣ್ಣಿಗೆ ಕಾಣೋದು 12. ಅಂದ್ರೆ ನಿಮ್ಮ ಎರಡನೇ ಗೆಳತಿ ಪಕ್ಕಾ ಹೊಲಿದಿದಾರೆ, ಹೊಸಬಳದ್ದು ಬರೀ ಎರಡು ನೂಲು ಜಾಸ್ತಿ, ನಿಮ್ಮದು ಮೂರು ನೂಲು ಕಮ್ಮಿ. ಫೋನಲ್ಲಿ "12" ಅಂತ ಮಾತಾಡಿದ್ರಲ್ಲ, ಹೊಲಿದು ಜೋಡಿಸಿದ ಮೇಲೆ 12ಓ ಕೈಲಿ ಹಿಡಿದಾಗ 12ಓ ಅಂತ ಯಾರೂ ಕೇಳಿಲ್ಲ. ಗುಂಪಲ್ಲಿ ಹೊಲಿಯೋವಾಗ ಮುಕ್ಕಾಲು ಜಗಳ ಇಲ್ಲೇ ಹುಟ್ಟೋದು.

ಈಗ ನಿಮ್ಮ ಮಷಿನ್ನು ನೋಡೋಣ. 1½ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ, ನೀವು ಯಾವಾಗಲೂ ಹೊಲಿಯೋ ಹಾಗೇ ಪಕ್ಕಪಕ್ಕ ಹೊಲಿದು ಇಸ್ತ್ರಿ ಒತ್ತಿ, ನಡುವಿನ ಪಟ್ಟಿ ಅಳೀರಿ. ಸರಿಯಾಗಿ 1 ಇಂಚು ಇರಬೇಕು. ನಿಮ್ಮದು ಮುಕ್ಕಾಲಿಗಿಂತ ಜಾಸ್ತಿ ಒಂದಕ್ಕಿಂತ ಕಮ್ಮಿ, ಏಳು ನೂಲು ಬರುತ್ತೆ ಅಂತ ನನ್ನ ಊಹೆ. ಪ್ರೆಸರ್ ಫುಟ್ಟಿನ (ಸೂಜಿ ಹತ್ರ ಬಟ್ಟೆ ಒತ್ತಿ ಹಿಡಿಯೋ ಪಾದ) ಅಂಚೇ ಕಾಲು ಇಂಚು ಅನ್ಕೊಂಡು ಹೊಲೀತಿದೀರ ಅನ್ಸುತ್ತೆ, ಸುಮಾರು ಮಷಿನ್ನಲ್ಲಿ ಆ ಫುಟ್ಟು ಅದಕ್ಕಿಂತ ಅಗಲ ಇರುತ್ತೆ. ಅರ್ಧ ನೂಲು ಆಚೆ ಹೋದ್ರೂ ಎರಡು ಕಡೆ ಸೇರಿ ಒಂದು ನೂಲು, ಮೂರು ಹೊಲಿಗೆಗೆ ಮೂರು ನೂಲು, ನೋಡಿ ಲೆಕ್ಕ ಕೂಡ್ತು. ಸೂಜಿಯಿಂದ ಕಾಲು ಇಂಚು ಅಳೆದು ಪ್ಲೇಟಿನ ಮೇಲೆ ಟೇಪು ಎರಡು ಮೂರು ಪದರ ಅಂಟಿಸಿ, ಬಟ್ಟೆ ಅದಕ್ಕೆ ತಾಗಿಸ್ಕೊಂಡು ಹೊಲಿದ್ರೆ ಸಾಕು. ಕಾಲಿಗಿಂತ ಕೂದಲೆಳೆ ಒಳಗೇ ಇರ್ಲಿ, ಯಾಕಂದ್ರೆ ಮಡಿಕೆ ಮತ್ತೆ ದಾರದ ದಪ್ಪಕ್ಕೂ ಸ್ವಲ್ಪ ಬಟ್ಟೆ ಹೋಗುತ್ತೆ.

11¾ ಬಂದವರು ಬಟ್ಟೆ ಹೊಲಿಯೋ ಅಭ್ಯಾಸದಲ್ಲಿ ಮೂರು ನೂಲು ಮಾರ್ಜಿನ್ ಹಾಕಿರ್ತಾರೆ, ಅದೂ ಲೆಕ್ಕಕ್ಕೆ ಸರಿಯಾಗಿ ಕೂಡುತ್ತೆ. ಹೊಸಬಳು ಒಂದೋ ಮಾರ್ಜಿನ್ ಕಮ್ಮಿ ಬಿಟ್ಟಿದಾಳೆ, ಇಲ್ಲಾ ಬಟ್ಟೆ ಟೇಪಲ್ಲಿ ಅಳೆದು ಕತ್ತರಿಸಿದಾಳೆ (ಹಳೇದಾದ್ರೆ ಅದು ಹಿಗ್ಗಿರುತ್ತೆ), ಇಲ್ಲಾ ಸ್ಟೀಮ್ ಇಸ್ತ್ರಿ ಎಳೆದೆಳೆದು ಉಜ್ಜಿದಾಳೆ. ಪ್ಯಾಚ್‌ವರ್ಕಿಗೆ ಇಸ್ತ್ರಿ ಇಟ್ಟು ಒತ್ತಿ ಎತ್ತಬೇಕು, ಶರ್ಟಿಗೆ ಹಾಕೋ ಹಾಗೆ ಎಳೀಬಾರ್ದು, ಕ್ರಾಸ್ ಕಟಿಂಗ್ (ಓರೆಯಾಗಿ ಕತ್ತರಿಸಿದ್ದು) ಇದ್ರಂತೂ ಬಟ್ಟೆ ಅಲೆ ಅಲೆಯಾಗಿ ಹಿಗ್ಗಿಬಿಡುತ್ತೆ.

ಪರಿಹಾರ ಏನಪ್ಪಾ ಅಂದ್ರೆ ಯಾವುದನ್ನೂ ಕತ್ತರಿಸ್ಬೇಡಿ, ಎಲ್ಲಕ್ಕೂ ಚೌಕಟ್ಟು ಹಾಕಿ. ಒಂದೇ ಬಣ್ಣದ ಬಟ್ಟೆ ತಗೊಂಡು 2 ಇಂಚಿನ ಪಟ್ಟಿ ಕತ್ತರಿಸಿ, ಪ್ರತಿ ಬ್ಲಾಕಿನ ನಾಲ್ಕೂ ಕಡೆ ಹೊಲೀರಿ, ಆಮೇಲೆ ಎಲ್ಲಾ ಬ್ಲಾಕನ್ನೂ ನಡುಮಧ್ಯ ಸರಿಯಾಗಿ ಇಟ್ಕೊಂಡು 14 ಇಂಚಿಗೆ ಟ್ರಿಮ್ ಮಾಡಿ. ಜೋಡಿಸಿದ್ಮೇಲೆ ದೊಡ್ಡ ಬ್ಲಾಕಿನ ಸುತ್ತ ಐದು ನೂಲು ಚೌಕಟ್ಟು ಕಾಣುತ್ತೆ, ತೀರಾ ಚಿಕ್ಕದ್ರ ಸುತ್ತ ಒಂಬತ್ತು ನೂಲು. ಪಕ್ಕದ ಬ್ಲಾಕಿನ ಚೌಕಟ್ಟೂ ಅದೇ ಬಟ್ಟೆ ಆದ್ರಿಂದ ಎರಡೂ ಸೇರಿ ಒಂದೇ ಪಟ್ಟಿ ಥರ ಕಾಣುತ್ತೆ, ಅಳೆದು ನೋಡೋರು ಬಿಟ್ರೆ ಯಾರಿಗೂ ಗೊತ್ತಾಗಲ್ಲ. ಅಡ್ಡ 4 ಉದ್ದ 5 ಇಟ್ರೆ ಕೌದಿ 54 × 67½ ಇಂಚು ಆಗುತ್ತೆ. 44 ಇಂಚು ಪನ್ನದ ಬಟ್ಟೆ 2 ಮೀಟರು ತಗೊಳ್ಳಿ, ಸಾಕಾಗುತ್ತೆ.

ಬಿಚ್ಚೋಲೆ:

ಲೆಕ್ಕ ಎಲ್ಲಾ ಕಾಲಿಂಚು ಅವ್ರು ಹೇಳಿದಾರೆ, ನಾನು ಆ ರಾತ್ರಿ ಬಿಚ್ಚಿ ಹೊಲಿಯೋ ವಿಷ್ಯಕ್ಕೆ ಬರ್ತೀನಿ. ಅಕ್ಕಾ ದಯವಿಟ್ಟು ಆ ಕೆಲ್ಸ ಮಾಡ್ಬೇಡಿ. ನಮ್ಮ ಗುಂಪಲ್ಲಿ ಒಬ್ರು ಹಂಗೇ ಮಾಡಿದ್ರು, ಬಿಚ್ಚಿಸಿಕೊಂಡೋಳು ನಾನೇ. ನಾನು ಹಾಕಿದ ದಾರ ತಿಳಿ ಬೂದಿ, ಕೌದಿ ತಿರುಗಿಸಿ ನೋಡಿದ್ರೆ ನನ್ನ ಬ್ಲಾಕಲ್ಲಿ ಬಿಳಿ ದಾರ. ನಾನೇನೂ ಮಾತಾಡ್ಲಿಲ್ಲ, ಮುಂದಿನ ವಾರ ಹೋಗ್ಲಿಲ್ಲ, ಅದರ ಮುಂದಿನ ವಾರಾನೂ ಹೋಗ್ಲಿಲ್ಲ. ನನ್ನ ಹೊಲಿಗೆ ಸೊಟ್ಟ ಅಂತ ಎದುರಿಗೆ ಹೇಳಿದ್ರೆ ಎರಡು ದಿನ ಮುಖ ಊದಿಸ್ಕೊಂಡು ಮತ್ತೆ ಸರಿಹೋಗ್ತಿದ್ದೆ. ಹೊಲಿಗೆ ಮಾಡೋರ ಕಣ್ಣಿಗೆ ಬೇರೆ ಕೈ ಬಿದ್ದಿದ್ದು ಗೊತ್ತಾಗೇ ಆಗುತ್ತೆ.

ಇನ್ನೊಂದು, ಬಟ್ಟೆ ಎಲ್ಲರೂ ತೊಳೆದು ತಂದಿದಾರಾ ಕೇಳಿದ್ರಾ? ಅದೇ ಕೌದೀಲಿ ಒಬ್ರು ಕಡುಕೆಂಪು ಬಟ್ಟೆ ತೊಳೀದೇನೇ ಹಾಕಿದ್ರು, ಮೊದಲ ಒಗೆತಕ್ಕೇ ಪಕ್ಕದ ಬಿಳಿ ತುಂಡೆಲ್ಲ ಗುಲಾಬಿ. ಈಗ ಹೊಲಿದಾಗಿದೆ ಅಂದ್ರೂ ಪರವಾಗಿಲ್ಲ, ಕೆಂಪು, ಕಡುನೀಲಿ, ಕಪ್ಪು ಇರೋ ಕಡೆ ಒದ್ದೆ ಬಿಳಿ ಬಟ್ಟೆ ಇಟ್ಟು ಮೇಲೆ ಬಿಸಿ ಇಸ್ತ್ರಿ ಒತ್ತಿ ನೋಡಿ, ಬಣ್ಣ ಹತ್ತಿದ್ರೆ ಆ ತುಂಡು ಮಾತ್ರ ಬದಲಾಯಿಸಿ (ಹೊಲಿದೋರ ಕೈಲೇ ಬದಲಾಯಿಸಿಸಿ!!). ಚೌಕಟ್ಟಿನ ಬಟ್ಟೆ ಮಾತ್ರ ತೊಳೆದು ಒಣಗಿಸಿಯೇ ಕತ್ತರಿಸಿ, 20 ಬ್ಲಾಕಿನ ಸುತ್ತ ಅದೇ ಕುಗ್ಗಿದ್ರೆ ಇಡೀ ಕೌದಿ ಮುದುಡಿಕೊಳ್ಳುತ್ತೆ.

ಸೊಟ್ಟಸೂಜಿ:

ನಂದೊಂದು ಬೇರೆ ಅಭಿಪ್ರಾಯ, ಬೈಬೇಡಿ. ನೂಲು ಲೆಕ್ಕ ಹಾಕ್ಕೊಂಡು ಇಷ್ಟು ತಲೆ ಕೆಡಿಸ್ಕೋಬೇಕಾ? ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಅಂತ ಊರಿದೆ, ಅಲ್ಲಿನ ಕಪ್ಪು ಹೆಂಗಸರು ಹಳೇ ಕೆಲಸದ ಬಟ್ಟೆ, ಸವೆದ ಡೆನಿಮ್ಮು ಎಲ್ಲಾ ಕಣ್ಣಳತೇಲಿ ಜೋಡಿಸಿ ಹೊಲಿದ ಕ್ವಿಲ್ಟುಗಳು (ಅಲ್ಲಿನ ಕೌದಿ) ಈಗ ದೊಡ್ಡ ದೊಡ್ಡ ಮ್ಯೂಸಿಯಂ ಗೋಡೆ ಮೇಲಿವೆ. ಗೆರೆ ವಾಲಿರುತ್ತೆ, ಪಟ್ಟಿ ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗೆ, ಅದರಲ್ಲೇ ಚಂದ. ಕಮ್ಮಿ ಇರೋ ಕಡೆ ಒಂದು ತುಂಡು ಸೇರಿಸಿ, ಜಾಸ್ತಿ ಇರೋ ಕಡೆ ಬಿಡಿ, ನಡೀತಾ ಹೋಗುತ್ತೆ.

ಕಾಲಿಂಚು:

@ಸೊಟ್ಟಸೂಜಿ ಆ ಕ್ವಿಲ್ಟುಗಳು ನಂಗೂ ಬಲು ಇಷ್ಟ. ಆದ್ರೆ ಅಲ್ಲಿ ಬಹುಪಾಲು ಮೇಲಿನ ಪದರ ಜೋಡಿಸೋದು ಒಬ್ಬಳ ಕೈ, ಒಬ್ಬಳ ಕಣ್ಣು, ಹಾಗಾಗಿ ವಾಲಿದ್ದೂ ಒಂದು ಲಯದಲ್ಲಿ ವಾಲುತ್ತೆ. ಐದು ಜನ ಐದು ಮನೇಲಿ ಕೂತು ಹೊಲಿದಾಗ ಅದು ಬರಲ್ಲ. ಜನ ಜಾಸ್ತಿ ಆದಷ್ಟೂ ಅಳತೆ ಒಂದಾದ್ರೂ ಗಟ್ಟಿ ಇರಬೇಕು. ಏಡ್ಸಿಂದ ತೀರಿಹೋದವರ ನೆನಪಿಗೆ 1987ರಲ್ಲಿ ಅಮೆರಿಕದಲ್ಲಿ ಶುರುವಾದ ಕ್ವಿಲ್ಟ್ ಇದೆಯಲ್ಲ, ಸಾವಿರಾರು ಅಪರಿಚಿತರು ಹೊಲಿದು ಕಳಿಸಿದ್ದು, ಒಳಗೆ ಏನು ಬೇಕಾದ್ರೂ ಮಾಡಬಹುದು ಆದ್ರೆ ಪ್ಯಾನೆಲ್ ಮಾತ್ರ 3 ಅಡಿಗೆ 6 ಅಡಿ. ಎಂಟು ಸೇರಿಸಿದ್ರೆ 12 ಅಡಿ ಚೌಕ. ಆ ಒಂದು ಅಳತೆ ಇರೋದಕ್ಕೇ ಅಷ್ಟು ಜನರ ಕೈ ಒಂದರ ಪಕ್ಕ ಒಂದು ಕೂತಿರೋದು.

ಸೊಟ್ಟಸೂಜಿ:

ಸರಿ ಬಿಡಿ, ಸೋತೆ 😄 ಆದ್ರೂ ಚೌಕಟ್ಟೂ ಒಂದು ಥರ ತುಂಡು ಸೇರಿಸೋದೇ ಅಲ್ವಾ.

ಚಿಂದಿಪೆಟ್ಟಿಗೆ:

ನಾಲ್ಕು ದಿನ ಬಿಟ್ಟು ಬರ್ತಿದೀನಿ. ಮೂರು ಪಟ್ಟಿ ಹೊಲಿದು ನೋಡ್ದೆ. ನಡುವಿನದು ಏಳು ನೂಲು. ಸರಿಯಾಗಿ ಏಳು. ಐದು ನಿಮಿಷ ಸುಮ್ನೆ ಕೂತಿದ್ದೆ, ಇಷ್ಟು ವರ್ಷ ಆ ಫುಟ್ಟನ್ನ ನಂಬ್ಕೊಂಡು ಹೊಲ್ಕೊಂಡು ಬಂದಿದೀನಲ್ಲ ಅಂತ. ನಾನೊಬ್ಳೇ ಹೊಲಿಯುವಾಗ ಎಲ್ಲಾ ತುಂಡೂ ಒಂದೇ ಥರ ಕಮ್ಮಿ ಆಗ್ತಿದ್ದಿದ್ರಿಂದ ಗೊತ್ತೇ ಆಗಿರ್ಲಿಲ್ಲ.

ನಿನ್ನೆ ಸೇರಿದಾಗ ಮೊದಲು ನನ್ನ ಪಟ್ಟೀನೇ ಮುಂದಿಟ್ಟೆ, ನಂದೇ ತಪ್ಪಿತ್ತು ಅಂತ. ಆಮೇಲೆ ಎಲ್ರೂ ಅಲ್ಲೇ ಮೂರು ಮೂರು ಪಟ್ಟಿ ಹೊಲಿದ್ರು, ಅದೇ ಒಂದು ಆಟ ಆಗೋಯ್ತು. ಡ್ರೆಸ್ ಹೊಲಿಯೋರದ್ದು ಮುಕ್ಕಾಲು ಇಂಚು ಬಂತು, ಅವರೇ ಜೋರಾಗಿ ನಕ್ಕುಬಿಟ್ರು. ಹೊಸಬಳ ಪಟ್ಟಿ ಮಾತ್ರ ಸರಿಯಾಗಿ ಒಂದು ಇಂಚು! ಹೊಲಿಗೆ ಪಕ್ಕಾ ಇದೆ, ಹಾಗಾದ್ರೆ ಬ್ಲಾಕ್ ಯಾಕೆ ದೊಡ್ಡದು ಅಂದ್ರೆ ಸ್ಟೀಮ್ ಇಸ್ತ್ರಿ ಹಾಕೋದು ತೋರ್ಸಿದ್ಲು, ಚಪಾತಿ ಲಟ್ಟಿಸೋ ಹಂಗೆ ಎಳೀತಾಳೆ. ನಾನು ರಾತ್ರಿ ಬಿಚ್ಚಕ್ಕೆ ಹೊರಟಿದ್ದೆ ಅನ್ನೋದು ಮಾತ್ರ ಹೇಳಿಲ್ಲ, ಹೇಳೋದೂ ಇಲ್ಲ. @ಬಿಚ್ಚೋಲೆ ನಿಮ್ಮ ಬಿಳಿ ದಾರದ ಕಥೆ ಓದಿ ಹೊಟ್ಟೆ ಚುರುಕ್ ಅಂತು.

ಚೌಕಟ್ಟಿಗೆ ತಿಳಿ ಬೂದಿ ಬಟ್ಟೆ ಒಪ್ಪಿಗೆ ಆಯ್ತು, ತೊಳೆದು ಒಣಗಾಕಿದೀನಿ. ಕತ್ತರಿಸೋದು ಎರಡನೇ ಗೆಳತಿ ಒಬ್ಳೇ, ಒಂದೇ ಸ್ಕೇಲಲ್ಲಿ, 14 ಇಂಚಿಗೆ ಟ್ರಿಮ್ ಮಾಡೋದೂ ಅವಳೇ. ಈಗ ಮುಂದಿನ ಪ್ರಶ್ನೆ, ಮೂರು ಪದರ ಜೋಡಿಸಿ ಮೇಲಿನ ಹೊಲಿಗೆ ಕೈಲಿ ಹಾಕೋಣ ಅಂತಿದೀವಿ, ಎಲ್ರೂ ಸುತ್ತ ಕೂತು. ಅಲ್ಲೂ ಹಿಂಗೇ ಎಡವಟ್ಟಾಗದೇ ಇರೋಕೆ ಏನು ನೋಡ್ಕೋಬೇಕು?

ಬಿಚ್ಚೋಲೆ:

ಇದು ನಂಗೆ ಗೊತ್ತಿರೋ ಏರಿಯಾ. ಕೆಳಗಿನ ಬಟ್ಟೆ ನಾಲ್ಕೂ ಕಡೆ 4 ಇಂಚು ಜಾಸ್ತಿ ಇರ್ಲಿ, ನಿಮ್ಮ ಸೈಜಿಗೆ 62 × 75½ ಆಗುತ್ತೆ, ಹೊಲೀತಾ ಹೊಲೀತಾ ಮೇಲಿನ ಪದರ ಸರೀತಾ ಹೋಗುತ್ತೆ ಅದಕ್ಕೆ. ಕೆಳಗಿನ ಬಟ್ಟೆ ನೆಲಕ್ಕೆ ಟೇಪ್ ಹಾಕಿ ಬಿಗಿಯಾಗಿ ಹರಡಿ, ತೀರಾ ಎಳೀಬೇಡಿ, ಎಳೆದು ಅಂಟಿಸಿದ್ರೆ ಟೇಪ್ ತೆಗೆದ ತಕ್ಷಣ ಕುಗ್ಗಿ ಸುಕ್ಕಾಗುತ್ತೆ. ಅದರ ಮೇಲೆ ಮಧ್ಯದ ಪದರ, ಮೇಲೆ ನಿಮ್ಮ ಬ್ಲಾಕು. ಅಂಗೈ ಅಗಲಕ್ಕೊಂದು ಸೇಫ್ಟಿ ಪಿನ್ನು ಇಲ್ಲಾ ಉದ್ದುದ್ದ ಕಚ್ಚಾ ಹೊಲಿಗೆ, ನಡುವಿಂದ ಶುರು ಮಾಡಿ ಅಂಚಿಗೆ. ಮೇಲಿನ ಹೊಲಿಗೇನೂ ಹಂಗೇ ನಡುವಿಂದ ಹೊರಗೆ ಹೋಗ್ಬೇಕು, ಎಲ್ರೂ ಅವರವರ ಮೂಲೆಯಿಂದ ಶುರು ಮಾಡಿದ್ರೆ ನಡುವೆ ಬಂದು ಬಟ್ಟೆ ಗುಡ್ಡೆ ಬೀಳುತ್ತೆ, ಅದನ್ನ ಸರಿ ಮಾಡೋಕೆ ಪೂರ್ತಿ ಬಿಚ್ಚೋದು ಬಿಟ್ರೆ ದಾರಿ ಇಲ್ಲ.

ಟಾಕಿ (ಒಂದೊಂದು ಹೊಲಿಗೆ) ಉದ್ದ ಐದು ಜನರದ್ದು ಐದು ಥರ ಇದ್ದೇ ಇರುತ್ತೆ. ನಾವು ಅರ್ಧ ಗಂಟೆಗೊಮ್ಮೆ ಜಾಗ ಬದಲಾಯಿಸ್ತೀವಿ, ಆಗ ಒಬ್ಬರ ಟಾಕಿ ಎಲ್ಲಾ ಒಂದೇ ಕಡೆ ಗುಂಪಾಗಲ್ಲ. ಆದ್ರೆ ನಿಮ್ಮ ಟೀಚರಿಗೆ ಕಣ್ಣು ಕಾಣ್ಸಲ್ಲ ಅಂದ್ರಲ್ಲ, ನಾನಾಗಿದ್ರೆ ಜಾಗ ಬದಲಾಯಿಸ್ತಿರ್ಲಿಲ್ಲ, ಅವರವರ ಬ್ಲಾಕಿನ ಮೇಲೆ ಅವರವರೇ ಹೊಲಿಗೆ ಹಾಕ್ತಿದ್ರು. ನಿಮಗೆಲ್ಲ ಹೊಲಿಗೆ ಕಲಿಸಿದೋರು ಅವರೇ ತಾನೆ, ಬೆರಳಾಡಿಸಿದ್ರೆ ಯಾವುದು ಯಾರದ್ದು ಅಂತ ಗೊತ್ತಾಗುತ್ತೆ ಅವರಿಗೆ.

ಕಾಲಿಂಚು:

ಇದಕ್ಕೆ ನಂದೂ ಒಂದು ಓಟು. ಅಂಚುಪಟ್ಟಿಗೆ ಸುತ್ತಳತೆ 243 ಇಂಚು, ಮೂಲೆ ತಿರುಗ್ಸೋಕೆ ಜೋಡಿಸೋಕೆ ಒಂದು 12 ಸೇರ್ಸಿ, 2½ ಇಂಚಿನ ಪಟ್ಟಿ ಏಳು ಬೇಕಾಗುತ್ತೆ. ಮೂಲೆಗಳು ಹೊಸಬಳ ಕೈಲಿ ಮಾಡ್ಸಿ, ಕಾಲು ಇಂಚು ಪಕ್ಕಾ ಇರೋದು ಅವಳದ್ದೇ 😊

ಚಿಂದಿಪೆಟ್ಟಿಗೆ:

ಮಾಡ್ಸ್ತೀನಿ, ಆದ್ರೆ ಇಸ್ತ್ರಿ ಪೆಟ್ಟಿಗೆ ಮಾತ್ರ ಅವಳ ಕೈಗೆ ಕೊಡಲ್ಲ.